ನೂರಕ್ಕೂ ಹೆಚ್ಚು ಬಾರಿ ತಿದ್ದಿದ ಮೇಲೂ ಅದು 1950ರ ಸಂವಿಧಾನವೇ? ಮಕ್ಕಳ ಪ್ರಶ್ನೆಗೆ ಉತ್ತರ ಬೇಕಾಗಿದೆ

ತಿಪಟೂರು ಮೇಷ್ಟ್ರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನವೆಂಬರ್ 26ರ ಸಂವಿಧಾನ ದಿನಕ್ಕೆ ನಮ್ಮಲ್ಲಿ ಚರ್ಚಾಸ್ಪರ್ಧೆ ನಡೆಯುತ್ತದೆ. "ಸಂವಿಧಾನದ ಮಹತ್ವ" ಎಂದು ವಿಷಯ ಕೊಟ್ಟರೆ ಮಕ್ಕಳು ಗೈಡಿನಲ್ಲಿರುವುದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ ಎಂಬ ಕಾರಣಕ್ಕೆ, ಈ ಸಲ "ಎಪ್ಪತ್ತು ವರ್ಷ ದಾಟಿದ ಸಂವಿಧಾನಕ್ಕೆ ಇಂದಿನವರು ಏಕೆ ಬದ್ಧರಾಗಿರಬೇಕು" ಎಂಬ ವಿಷಯ ಇಟ್ಟೆವು. ಅದರಿಂದಾಗಿ ನನಗೇ ಪರೀಕ್ಷೆ ಎದುರಾಗಿದೆ.

ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ವಾದಿಸಿದಳು: ಸಂವಿಧಾನ ರಚನಾ ಸಭೆಯ ಸದಸ್ಯರನ್ನು ಜನರು ನೇರವಾಗಿ ಆರಿಸಲಿಲ್ಲ. 1946ರಲ್ಲಿ ಆಸ್ತಿ, ತೆರಿಗೆ, ವಿದ್ಯೆ ಇದ್ದ ಕೆಲವರಿಗಷ್ಟೇ ಮತವಿದ್ದ ಚುನಾವಣೆಯಿಂದ ಬಂದ ಪ್ರಾಂತೀಯ ಶಾಸಕರು ಅವರನ್ನು ಆರಿಸಿ ಕಳಿಸಿದರು. ಸಂಸ್ಥಾನಗಳಿಂದ ಬಂದವರದು ಇನ್ನೊಂದು ದಾರಿ. ಹಾಗಿರುವಾಗ "ಭಾರತದ ಜನತೆಯಾದ ನಾವು" ಎಂದು ಪೀಠಿಕೆಯಲ್ಲಿ ಹೇಳುವ ಆ "ನಾವು" ಯಾರು? ಅವಳ ಪಕ್ಕದಲ್ಲಿದ್ದ ಹುಡುಗ ಇನ್ನೂ ಮುಂದೆ ಹೋದ. ತಾತ ಬರೆಸಿಟ್ಟ ಪಾಲುಪಟ್ಟಿಯನ್ನೇ ಮೊಮ್ಮಕ್ಕಳು ಕೋರ್ಟಿನಲ್ಲಿ ಪ್ರಶ್ನಿಸುವ ಕಾಲದಲ್ಲಿ, 1950ರ ಜನವರಿ 24ರಂದು 284 ಮಂದಿ ರುಜು ಹಾಕಿದ ಬರಹಕ್ಕೆ ನಾವೇಕೆ ಕಟ್ಟುಬೀಳಬೇಕು, ಅದೂ 2023ರ ಹೊತ್ತಿಗೆ 106 ಬಾರಿ ತಿದ್ದಿದ ಮೇಲೆ ಅದು ಅದೇ ಬರಹವೆಂದು ಹೇಳುವುದು ಹೇಗೆ ಎಂದು ಕೇಳಿದ.

ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ಜೊತೆ ಪೀಠಿಕೆ ಓದಿಸುವ ನಾವು ಮಕ್ಕಳಿಗೆ ಇದಕ್ಕೆ ಉತ್ತರ ಹೇಳಬೇಕಲ್ಲವೇ? ಗೌರವದ ಮಾತುಗಳು ನನ್ನ ಬಳಿಯೂ ಸಾಕಷ್ಟಿವೆ. ನನಗೆ ಬೇಕಾಗಿರುವುದು ಮಕ್ಕಳು ಎದ್ದು ನಿಂತು ಮರುಪ್ರಶ್ನೆ ಹಾಕಿದರೂ ನಿಲ್ಲುವಂತಹ ಕಾರಣಗಳು. ದಯವಿಟ್ಟು ತಿಳಿದವರು ಬರೆಯಿರಿ.

ಚಿಂತಾಮಣಿ ವಕೀಲ:

ಮೇಷ್ಟ್ರೇ, ಆ ಹುಡುಗನ ಪ್ರಶ್ನೆಯನ್ನು ಡಾ. ಅಂಬೇಡ್ಕರ್ ಅವರೇ ಎತ್ತಿದ್ದರು ಎಂದು ಅವನಿಗೆ ಮೊದಲು ತಿಳಿಸಿ. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ಅಮೆರಿಕದ ಜೆಫರ್ಸನ್‌ನ ಮಾತನ್ನು ಎತ್ತಿಕೊಂಡು, ಒಂದೊಂದು ತಲೆಮಾರೂ ಒಂದೊಂದು ಪ್ರತ್ಯೇಕ ರಾಷ್ಟ್ರವಿದ್ದ ಹಾಗೆ, ತನ್ನನ್ನು ತಾನು ಕಟ್ಟಿಕೊಳ್ಳುವ ಹಕ್ಕು ಅದಕ್ಕಿದೆ, ಮುಂದಿನವರನ್ನು ಕಟ್ಟಿಹಾಕುವ ಹಕ್ಕಿಲ್ಲ ಎಂಬ ವಾದವನ್ನು ಸಂಪೂರ್ಣವಾಗಿ ಒಪ್ಪಿಕೊಂಡರು. ಆದ್ದರಿಂದಲೇ ರಚನಾ ಸಭೆಯು ಈ ಬರಹಕ್ಕೆ ಕೊನೆಯ ಮುದ್ರೆ ಒತ್ತದೆ, ತಿದ್ದಲು ಸುಲಭವಾದ ದಾರಿ ಇಟ್ಟಿದೆ ಎಂಬುದು ಅವರ ಸಮರ್ಥನೆಯಾಗಿತ್ತು. ಎಂದರೆ, ತಿದ್ದುಪಡಿಗಳು ಮೂಲಕ್ಕೆ ಆದ ಗಾಯಗಳಲ್ಲ; ಅವು ಮೂಲದಲ್ಲಿಯೇ, 368ನೇ ವಿಧಿಯಲ್ಲಿ, ನಿರೀಕ್ಷಿಸಿದ ಸಂಗತಿ.

106 ಎಂಬ ಅಂಕಿ ಕೇಳಿ ಮಕ್ಕಳು ಬೆಚ್ಚುವುದು ಸಹಜ. ಅಮೆರಿಕದವರು ಇನ್ನೂರು ವರ್ಷಗಳಿಗೂ ಮೀರಿ 27ಕ್ಕೇ ನಿಂತಿದ್ದಾರೆ ಎಂದು ಹೋಲಿಸುವವರೂ ಇದ್ದಾರೆ. ಆದರೆ ನಮ್ಮದು 395 ವಿಧಿಗಳಿಂದ ಆರಂಭವಾದ ಬಹು ದೀರ್ಘವಾದ ದಾಖಲೆ; ಬೇರೆ ದೇಶಗಳಲ್ಲಿ ಸಾಮಾನ್ಯ ಕಾನೂನಿಗೆ ಬಿಡುವ ವಿವರಗಳೂ ಇಲ್ಲಿವೆ. ಶಾಸನಸಭೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗಿರುವ ಮೀಸಲು ಸ್ಥಾನಗಳನ್ನು ಹತ್ತು ಹತ್ತು ವರ್ಷ ಮುಂದುವರಿಸಲು ಪ್ರತಿ ಸಲವೂ ಒಂದು ತಿದ್ದುಪಡಿ ಬೇಕಾಯಿತು. 1956ರಲ್ಲಿ ಭಾಷಾವಾರು ರಾಜ್ಯಗಳು ಆದದ್ದು ಏಳನೆಯ ತಿದ್ದುಪಡಿಯ ಜೊತೆಯಲ್ಲಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371-ಜೆ ವಿಧಿ ಬಂದದ್ದು 98ನೆಯದರಿಂದ. ನಿಮ್ಮ ಮಕ್ಕಳು 21ರ ಬದಲು 18ಕ್ಕೇ ಮತ ಹಾಕುವುದು 61ನೆಯದರಿಂದ. ಇವುಗಳಲ್ಲಿ ಯಾವುದೂ ಸಂವಿಧಾನವನ್ನು ಬೇರೆ ಸಂವಿಧಾನವಾಗಿ ಮಾಡಲಿಲ್ಲ.

ಕಷ್ಟವಿರುವುದು ಬೇರೆ ಕಡೆ. ತಿದ್ದುವ ಅಧಿಕಾರಕ್ಕೆ ಎಲ್ಲೆಯಿಲ್ಲದಿದ್ದರೆ, ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಹೊಂದಿಸಿಕೊಂಡ ಸರ್ಕಾರವೊಂದು ಚುನಾವಣೆಯನ್ನೇ ತೆಗೆದುಹಾಕಬಹುದೇ? ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿದ ಮೊಕದ್ದಮೆಗೆ ಕನ್ನಡಿಗರ ನಂಟು ಇರುವುದನ್ನು ಮಕ್ಕಳಿಗೆ ಹೇಳಬೇಕು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆಂದು ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರ ಪೀಠ 68 ದಿನ ವಿಚಾರಣೆ ನಡೆಸಿ, 1973ರ ಏಪ್ರಿಲ್ 24ರಂದು, ಏಳು-ಆರರ ಅಂತರದಲ್ಲಿ, ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸಂರಚನೆಯನ್ನು, ಎಂದರೆ ಅದರ ಬುನಾದಿ ತತ್ವಗಳನ್ನು, ಕೆಡಿಸುವಂತಿಲ್ಲ ಎಂದಿತು. ಜಮೀನಿನ ವಿಷಯದಲ್ಲಿ ಮಠಕ್ಕೆ ಅದರಿಂದ ಲಾಭವಾಗಲಿಲ್ಲ. ಸ್ವಾಮೀಜಿಯವರ ಹೆಸರು ಮಾತ್ರ ಕಾನೂನು ಓದುವ ಪ್ರತಿಯೊಬ್ಬರ ಬಾಯಲ್ಲಿ ಉಳಿಯಿತು. ತುರ್ತುಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿ ಈ ಎಲ್ಲೆಯನ್ನು ಅಳಿಸಲು ನೋಡಿತು. 1980ರಲ್ಲಿ ಬೆಂಗಳೂರಿನ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ಕೋರ್ಟು ಆ ಭಾಗವನ್ನು ಹೊಡೆದುಹಾಕಿತು. ತಿದ್ದುವ ಅಧಿಕಾರವನ್ನು ಸೀಮಿತವಾಗಿ ಪಡೆದ ಸಂಸತ್ತು, ಅದೇ ಅಧಿಕಾರವನ್ನು ಬಳಸಿ ತನ್ನನ್ನು ಅಸೀಮಿತಗೊಳಿಸಿಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ತರ್ಕ.

ಜನರಿಂದ ಆಯ್ಕೆಯಾಗದ ನ್ಯಾಯಾಧೀಶರು ಇದನ್ನು ಹೇಳಿದ್ದು ಪ್ರಜಾಪ್ರಭುತ್ವಕ್ಕೆ ಒಪ್ಪುತ್ತದೆಯೇ ಎಂದು ನಿಮ್ಮ ವಿದ್ಯಾರ್ಥಿನಿ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ ಎಂದು ಒಪ್ಪಿಕೊಳ್ಳಿ. ಆ ಆರು ಮಂದಿ ಭಿನ್ನಮತದವರು ಅದನ್ನೇ ಕೇಳಿದ್ದರು. ಆದರೂ ಸಿದ್ಧಾಂತ ನೆಲದ ಮೇಲೆ ಏನು ಮಾಡಿತೆಂದು ನೋಡಬೇಕಾದರೆ ನಮ್ಮದೇ ರಾಜ್ಯದ ಎಸ್.ಆರ್. ಬೊಮ್ಮಾಯಿ ಪ್ರಕರಣವಿದೆ. 1989ರ ಏಪ್ರಿಲಿನಲ್ಲಿ ಶಾಸಕರ ಪತ್ರಗಳನ್ನು ಮುಂದಿಟ್ಟುಕೊಂಡು, ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸುತ್ತೇನೆಂದು ಮುಖ್ಯಮಂತ್ರಿ ಹೇಳಿದರೂ ಅವಕಾಶ ಕೊಡದೆ, ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ 356ನೇ ವಿಧಿಯಡಿ ಸರ್ಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರು, ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ ಜಾಗ ಸದನವೇ ಹೊರತು ರಾಜಭವನವಲ್ಲ ಎಂದರು. ಬೊಮ್ಮಾಯಿಯವರಿಗೆ ಅಧಿಕಾರ ಮರಳಿ ಬರಲಿಲ್ಲ. ಆದರೆ ಇಂದು ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಎಲ್ಲ ಪಕ್ಷದವರೂ ವಿಶ್ವಾಸಮತದ ಮಾತನ್ನೇ ಆಡುತ್ತಾರೆ. 356ನೇ ವಿಧಿಯನ್ನು ಹಿಂದಿನಷ್ಟು ಸಲೀಸಾಗಿ ಬಳಸುವುದು ನಿಂತಿದೆ.

ಪಾಲುಪಟ್ಟಿಯ ಹೋಲಿಕೆಗೆ ಒಂದೇ ಮಾತು. ಪಾಲುಪಟ್ಟಿ ಇರುವ ಆಸ್ತಿಯನ್ನು ಹಂಚಿ ಮುಗಿಸುತ್ತದೆ. ಸಂವಿಧಾನವು ಮುಂದಿನ ಜಗಳಗಳನ್ನು ಎಲ್ಲಿ, ಯಾರ ಮುಂದೆ, ಯಾವ ಕ್ರಮದಲ್ಲಿ ಆಡಬೇಕೆಂದು ಗೊತ್ತುಮಾಡುತ್ತದೆ. ಹುಡುಗನಿಗೆ ಸಂವಿಧಾನ ಇಷ್ಟವಿಲ್ಲದಿದ್ದರೆ ಬದಲಾಯಿಸಲು ಹೋರಾಡಲಿ. ಹೋರಾಡುವ ಹಕ್ಕನ್ನೂ ಅದರ 19ನೇ ವಿಧಿಯಿಂದಲೇ ಪಡೆಯುತ್ತಾನೆ.

ಮುಳಬಾಗಿಲು ಓದುಗ:

ವಕೀಲರು ದೆಹಲಿಯ ಕೋರ್ಟಿನ ಕಡೆಯಿಂದ ನೋಡಿದ್ದಾರೆ. ಅವರು ಹೇಳಿದ್ದು ಸರಿ. ಆದರೆ ಅವರ ಚಿಂತಾಮಣಿ ತಾಲ್ಲೂಕಿನಲ್ಲಿಯೇ ಕಂಬಾಲಪಲ್ಲಿ ಎಂಬ ಊರಿದೆ. 2000ದ ಮಾರ್ಚ್ 11ರಂದು, ಅದು ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ, ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು; 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಸಂವಿಧಾನ ಜಾರಿಗೆ ಬಂದು ಐವತ್ತು ವರ್ಷ ತುಂಬಿದ ವರ್ಷದಲ್ಲಿ ನಡೆದದ್ದು ಇದು. ಮಕ್ಕಳ ಚರ್ಚೆಯಲ್ಲಿ ಈ ಪುಟವನ್ನು ಬಿಟ್ಟು ಕೇಶವಾನಂದ ಭಾರತಿಯವರ ಪುಟವನ್ನಷ್ಟೇ ಓದಿದರೆ ಮತ್ತೆ ಗೈಡಿನ ಪ್ರಬಂಧಕ್ಕೇ ಬಂದು ನಿಂತ ಹಾಗಾಗುತ್ತದೆ.

ಅಂಬೇಡ್ಕರ್ ಅವರಿಗೆ ಇದು ಗೊತ್ತಿತ್ತು. ವಕೀಲರು ಹೇಳಿದ ಅದೇ ಭಾಷಣದಲ್ಲಿ ಅವರು, ಜನವರಿ 26ರಿಂದ ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ ಎಂದು ಎಚ್ಚರಿಸಿದ್ದರು.

ಹಾಗಾದರೆ ನಾವು, ಕೋಲಾರದ ಕೇರಿಗಳವರು, ಏಪ್ರಿಲ್ 14ರಂದು ಆ ಪುಸ್ತಕವನ್ನು ತೇರಿನ ಮೇಲಿಟ್ಟು ಮೆರವಣಿಗೆ ಮಾಡುವುದೇಕೆ? ಭಕ್ತಿ ಎಂದು ಹಂಗಿಸುವವರಿದ್ದಾರೆ. ನನ್ನ ಉತ್ತರ 15ನೇ ವಿಧಿಯ ಎರಡನೆಯ ಉಪವಿಧಿಯಲ್ಲಿದೆ. ಅದನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರಿಟ್ಟು ಹೇಳಿದೆ. ಜಗತ್ತಿನ ದೊಡ್ಡ ದೊಡ್ಡ ಘೋಷಣೆಗಳು "ಎಲ್ಲರೂ ಸಮಾನರು" ಎಂದು ಹೇಳಿ ಸುಮ್ಮನಾಗುತ್ತವೆ. ಇದು ಊರಿನ ಬಾವಿಯ ತನಕ ನಡೆದು ಬಂದಿದೆ, ಏಕೆಂದರೆ ಬರೆದವರಲ್ಲಿ ಒಬ್ಬರಿಗೆ ನೀರು ಯಾರು ಮುಟ್ಟಬಾರದೆಂಬ ವಿಚಾರ ಮೈಮೇಲೆ ಅನುಭವವಾಗಿತ್ತು.

ನಾನು ಚಿಕ್ಕವನಾಗಿದ್ದಾಗ ನಮ್ಮ ಕಡೆಯ ಒಂದು ಹೋಟೆಲಿನಲ್ಲಿ ನಮ್ಮ ಲೋಟಗಳು ಹೊರಗಿನ ಕಿಟಕಿಯ ದಂಡೆಯ ಮೇಲಿರುತ್ತಿದ್ದವು. ಕುಡಿದು, ತೊಳೆದು, ಬೋರಲು ಹಾಕಿ ಬರಬೇಕಿತ್ತು. ಆಮೇಲೆ ಬಂದ ಪೇಪರ್ ಲೋಟ ಎಲ್ಲರಿಗೂ ಒಂದೇ ಎಂದು ಹೇಳುತ್ತಾರೆ. ಆದರೂ ಕೆಲವರಿಗೆ ಕೇಳದೆಯೇ ಪೇಪರ್ ಲೋಟ, ಇನ್ನು ಕೆಲವರಿಗೆ ಸ್ಟೀಲ್ ಲೋಟ ಬರುವುದನ್ನು ಕಂಡವರು ಕಂಡಿದ್ದಾರೆ. ಇದನ್ನು ಬದಲಾವಣೆ ಎನ್ನಬೇಕೋ ಬೇಡವೋ ಎಂದು ನಾನು ಬಹಳ ಯೋಚಿಸಿದ್ದೇನೆ. ಎನ್ನಬೇಕು. ಹಿಂದೆ ಅವಮಾನ ಮಾಡುವವನು ಎದೆಯುಬ್ಬಿಸಿ ಮಾಡುತ್ತಿದ್ದ, ಅವಮಾನಿತನು ಕೃಪೆ ಬೇಡುತ್ತಿದ್ದ. ಈಗ ಮಾಡುವವನು ಮರೆಮಾಚಬೇಕಾಗಿದೆ, ಕೇಳುವವನು ಹಕ್ಕೆಂದು ಕೇಳುತ್ತಾನೆ. ಕೇಳಿದ್ದು ಸಿಗುತ್ತದೆಯೇ ಎಂಬುದು ಬೇರೆ ಮಾತು, ಆ ಮಾತನ್ನೂ ನಿಮ್ಮ ಮಕ್ಕಳಿಂದ ಮುಚ್ಚಿಡಬೇಡಿ.

ಮಾಜಿ ಸದಸ್ಯೆ, ಪಾವಗಡ:

ಮೇಷ್ಟ್ರೇ, ನಾನು 2015ರಿಂದ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ನನ್ನ ವಾರ್ಡು ಮಹಿಳೆಗೆ ಮೀಸಲಾಗದಿದ್ದರೆ ನಮ್ಮ ಮನೆಯಲ್ಲಿ ನನ್ನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. 106 ತಿದ್ದುಪಡಿಗಳಲ್ಲಿ 73ನೆಯದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಅದರ ಬಗ್ಗೆಯಷ್ಟೇ ಬರೆಯುತ್ತೇನೆ.

ಗ್ರಾಮ ಪಂಚಾಯಿತಿಗಳನ್ನು ಸಂಘಟಿಸಬೇಕೆಂಬುದು 1950ರಲ್ಲಿ 40ನೇ ವಿಧಿಯ ನಿರ್ದೇಶಕ ತತ್ವವಾಗಿತ್ತು. ಮಾಡದಿದ್ದರೆ ಕೇಳುವ ಹಾಗಿರಲಿಲ್ಲ. ಕರ್ನಾಟಕದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ಅಧಿಕಾರ ಕೆಳಗೆ ಬಂತು. ಆದರೆ ರಾಜ್ಯದ ಕಾನೂನಿನಿಂದ ಬಂದದ್ದನ್ನು ಮುಂದಿನ ಸರ್ಕಾರ ಕಿತ್ತುಕೊಳ್ಳಬಹುದು. 1993ರ ಏಪ್ರಿಲ್ 24ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಸಂವಿಧಾನದೊಳಕ್ಕೇ ತಂದಿತು: ಐದು ವರ್ಷದ ಅವಧಿ, ಅವಧಿ ಮುಗಿಯುವ ಮೊದಲೇ ಚುನಾವಣೆ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಸ್ಥಾನ. ನಮ್ಮ ರಾಜ್ಯ ಆಮೇಲೆ ಅದನ್ನು ಅರ್ಧಕ್ಕೆ ಏರಿಸಿತು.

ಕೆಲಸ ಹೇಗಿತ್ತೆಂದು ಹೇಳುತ್ತೇನೆ. ಮೊದಮೊದಲು ಸಭೆಗೆ ಸದಸ್ಯೆಯರ ಗಂಡಂದಿರೋ ಮೈದುನರೋ ಬಂದು ಮುಂದಿನ ಕುರ್ಚಿಗಳಲ್ಲಿ ಕೂರುತ್ತಿದ್ದರು. ನಡಾವಳಿ ಪುಸ್ತಕ ನಮ್ಮ ಮನೆಗೇ ಬರುತ್ತಿತ್ತು. ಹಾಜರಾತಿಯ ಜಾಗ, ಅದರ ಕೆಳಗೆ ಖಾಲಿ ಹಾಳೆ. "ರುಜು ಹಾಕಮ್ಮ, ಠರಾವು ಆಮೇಲೆ ಬರೆಯುತ್ತೇವೆ" ಎನ್ನುತ್ತಿದ್ದರು. ಒಂದು ಸಲ ನಾನು ಸಭೆಯ ನೋಟಿಸನ್ನೇ ಹಿಡಿದುಕೊಂಡು ಹೋಗಿ, ಇದರಲ್ಲಿ ನನ್ನ ಹೆಸರಿದೆ, ನನ್ನ ಮನೆಯವರ ಹೆಸರಿಲ್ಲ, ಠರಾವು ಓದಿದ ಮೇಲೆಯೇ ರುಜು ಎಂದು ಹೇಳಿ ಕುಳಿತೆ. ಜಗಳವಾಯಿತು, ಮನೆಯಲ್ಲಿಯೂ ಆಯಿತು. ಕೊನೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಠರಾವುಗಳನ್ನು ಗಟ್ಟಿಯಾಗಿ ಓದಿದರು. ಕುಡಿಯುವ ನೀರಿನ ಘಟಕದ ದುರಸ್ತಿಗೆಂದು ಬರೆಯಬೇಕಾಗಿದ್ದ ಹಣವನ್ನು ಬೇರೆ ಕಾಮಗಾರಿಗೆ ಬರೆಯಲಿದ್ದರೆಂಬುದು ಆಗ ಎಲ್ಲರಿಗೂ ತಿಳಿಯಿತು. ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಗೊತ್ತಿರುವವರಿಗೆ ಆ ಘಟಕದ ಬೆಲೆ ತಿಳಿಯುತ್ತದೆ.

ಇನ್ನೊಂದು ಮಗ್ಗುಲನ್ನೂ ಮಕ್ಕಳಿಗೆ ಹೇಳಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು 243-ಇ ವಿಧಿ ಸ್ಪಷ್ಟವಾಗಿ ಹೇಳಿದ್ದರೂ, 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಕುರ್ಚಿಯಲ್ಲಿದ್ದರು. ಇದಕ್ಕೆ ಒಂದೇ ಪಕ್ಷದ ಸರ್ಕಾರ ಕಾರಣವಲ್ಲ. ವಿಧಾನಸಭೆಯ ಚುನಾವಣೆಯನ್ನು ಹೀಗೆ ಮುಂದೂಡಿದ್ದರೆ ಜನ ಸುಮ್ಮನಿರುತ್ತಿದ್ದರೇ? ಬರೆದಿಟ್ಟ ವಿಧಿ ಒಂದೇ ಬಲದ್ದು. ಕೇಳುವವರ ದನಿ ಮಾತ್ರ ಒಂದೇ ಬಲದ್ದಲ್ಲ.

ತಿಪಟೂರು ಮೇಷ್ಟ್ರು:

ಮೂವರಿಗೂ ಧನ್ಯವಾದಗಳು. ಮೇಡಂ ಅವರ ನಡಾವಳಿ ಪುಸ್ತಕದ ಪ್ರಸಂಗವನ್ನು ಊರು, ಹೆಸರು ಇಲ್ಲದೆ ತರಗತಿಯಲ್ಲಿ ಹೇಳಲು ಅನುಮತಿ ಕೋರುತ್ತೇನೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ. ಆ "ನಾವು" ಯಾರು ಎಂಬ ಹುಡುಗಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಗೌರಿಬಿದನೂರು ನಿವಾಸಿ:

ಅದಕ್ಕೆ ನಾನು ಪ್ರಯತ್ನಿಸುತ್ತೇನೆ. ನಮ್ಮ ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಮಕ್ಕಳನ್ನು ಪ್ರವಾಸ ಕರೆತಂದರೆ ಅರ್ಧ ಪಾಠ ಅಲ್ಲಿಯೇ ಆಗುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಆ ಸಂಸ್ಥಾನವನ್ನು ಮಾದರಿ ಸಂಸ್ಥಾನವೆಂದು ಹೊಗಳುವುದು ನಮಗೆಲ್ಲ ರೂಢಿ. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತೆಂಬುದೂ ನಿಜ. ಆದರೆ ಆ ಸಭೆ ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ದಿವಾನರನ್ನು ಕೆಳಗಿಳಿಸಲು ಆಗುತ್ತಿರಲಿಲ್ಲ. ದಿವಾನರು ಉತ್ತರ ಕೊಡಬೇಕಾಗಿದ್ದದ್ದು ಮಹಾರಾಜರಿಗೆ. ನಿರಾಯುಧರಾಗಿ ಸಭೆ ಸೇರುವುದು ನಮ್ಮ ಹಕ್ಕು, ನಿಷೇಧಾಜ್ಞೆಯೇ ತಪ್ಪು ಎಂದು ವಿದುರಾಶ್ವತ್ಥದ ರೈತನೊಬ್ಬ ಯಾವ ಕೋರ್ಟಿನ ಮೆಟ್ಟಿಲು ಹತ್ತಬಹುದಿತ್ತು?

"ನಾವು" ಎಂಬುದು ರಚನಾ ಸಭೆಯೊಳಗೆ ಕುಳಿತವರಿಂದ ಮಾತ್ರ ಆದದ್ದಲ್ಲ. ಹೊರಗೆ ಇಂತಹ ಕಡೆಗಳಲ್ಲಿಯೂ ಆಯಿತು. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯ ಮುಂದಾಳಾಗಿದ್ದು, ಅದೇ ಅಕ್ಟೋಬರಿನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು, ರಚನಾ ಸಭೆಯಲ್ಲಿಯೂ ಕುಳಿತರು. ಮೈಸೂರು ತನ್ನದೇ ಸಂವಿಧಾನ ಸಭೆಯನ್ನು ಮಾಡಿಕೊಂಡಿತ್ತು. ಬೇರೆ ಸಂವಿಧಾನ ಬೇಡ, ಭಾರತದ್ದೇ ನಮಗೂ ಇರಲಿ ಎಂದು ಅದು ತೀರ್ಮಾನಿಸಿತು, 1949ರ ನವೆಂಬರ್ 25ರಂದು ಮಹಾರಾಜರ ಘೋಷಣೆಯೂ ಹೊರಬಿತ್ತು. ಅಂದೇ ದೆಹಲಿಯಲ್ಲಿ ಅಂಬೇಡ್ಕರ್ ಅವರು ಮೇಲಿನ ಇಬ್ಬರು ಹೇಳಿದ ಭಾಷಣ ಮಾಡುತ್ತಿದ್ದರು.

ಹುಡುಗಿಯ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ: ಸೀಮಿತ ಮತದಾನದಿಂದ ಬಂದವರು ಬರೆದರು. ಆದರೆ ಅವರು ಬರೆದ 326ನೇ ವಿಧಿ ಎಲ್ಲ ವಯಸ್ಕರಿಗೂ ಮತ ಕೊಟ್ಟಿತು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಓದು ಬಾರದಿದ್ದ ದೇಶದಲ್ಲಿ, ಓದು ಬರಲಿ ಆಮೇಲೆ ಕೊಡೋಣ ಎಂದು ಅವರು ಕಾಯಲಿಲ್ಲ. 1951-52ರ ಚುನಾವಣೆಯಲ್ಲಿ ಮತಪೆಟ್ಟಿಗೆಗೆ ಚೀಟಿ ಹಾಕಿದವರು ಆ ಬರಹವನ್ನು ತಮ್ಮದಾಗಿಸಿಕೊಂಡರು ಎಂದೇ ನಾನು ತಿಳಿದಿದ್ದೇನೆ. ಅದೇ ಭಾಷಣದಲ್ಲಿ ಅಂಬೇಡ್ಕರ್ ಅವರು, ಸಾಂವಿಧಾನಿಕ ಮಾರ್ಗಗಳು ಇಲ್ಲದಿದ್ದಾಗ ಸತ್ಯಾಗ್ರಹಕ್ಕೆ ಸಮರ್ಥನೆಯಿತ್ತು, ಅವು ತೆರೆದ ಮೇಲೆ ಅದು ಅರಾಜಕತೆಯ ವ್ಯಾಕರಣವಾಗುತ್ತದೆ ಎಂದದ್ದನ್ನು ನಮ್ಮ ಕಡೆಯವರು ವಿದುರಾಶ್ವತ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು. 1938ಕ್ಕೂ 1950ಕ್ಕೂ ನಡುವಣ ವ್ಯತ್ಯಾಸ ಅಷ್ಟು ದೊಡ್ಡದು.

ಮುಳಬಾಗಿಲು ಓದುಗ:

ಗೌರಿಬಿದನೂರಿನವರ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಅರ್ಧ. ಕೋರ್ಟಿನ ಬಾಗಿಲು ತೆರೆದಿದ್ದರೆ ಸಾಂವಿಧಾನಿಕ ಮಾರ್ಗ ತೆರೆದಂತಾಗುವುದಿಲ್ಲ. ಸಾಕ್ಷಿ ಹೇಳಿದವನು ಅದೇ ಊರಿಗೆ ಮರಳಿ, ಅದೇ ಅಂಗಡಿಯಲ್ಲಿ ಸಾಮಾನು ಕೊಂಡು ಬದುಕುವುದು ಸಾಧ್ಯವಾಗಬೇಕು. ಕಂಬಾಲಪಲ್ಲಿಯಲ್ಲಿ ಮುಚ್ಚಿದ್ದು ಆ ದಾರಿ. ಧರಣಿ, ಪಾದಯಾತ್ರೆ ಬೇಡವೆಂದಿದ್ದರೆ ಆ ಪ್ರಕರಣ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

ಚಿಂತಾಮಣಿ ವಕೀಲ:

ಅದನ್ನು ಅಲ್ಲಗಳೆಯಲಾರೆ. ಮೇಷ್ಟ್ರು ಮಕ್ಕಳಿಗೆ ಇದರ ಮುಂದಿನ ಭಾಗವನ್ನೂ ಹೇಳಬಹುದು. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿಯ ಆಶಯದಿಂದ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂದಿತ್ತು. ಅದರಲ್ಲಿ ಸಾಕ್ಷಿಗಳ ರಕ್ಷಣೆಗೆ ಪ್ರತ್ಯೇಕ ಅಧ್ಯಾಯವೇ ಇರಲಿಲ್ಲ. 2015ರ ತಿದ್ದುಪಡಿಯಿಂದ 15-ಎ ಕಲಂ ಸೇರಿ, 2016ರ ಜನವರಿ 26ರಿಂದ ಜಾರಿಗೆ ಬಂತು. ಸಂತ್ರಸ್ತರಿಗೂ ಸಾಕ್ಷಿಗಳಿಗೂ ಬೆದರಿಕೆಯಿಂದ ರಕ್ಷಣೆ, ಪ್ರಯಾಣ ಭತ್ಯೆ, ಬೇಕಾದರೆ ಬೇರೆ ಕಡೆ ವಸತಿ, ಜಾಮೀನು ಅರ್ಜಿಯ ವಿಚಾರಣೆಯಲ್ಲಿ ತಮ್ಮ ಮಾತು ಹೇಳುವ ಅವಕಾಶ, ಇವೆಲ್ಲ ಅದರಲ್ಲಿವೆ. ತಾಲ್ಲೂಕು ಮಟ್ಟದಲ್ಲಿ ಇದನ್ನು ಬಲ್ಲ ಸಾಕ್ಷಿಗಳು ತೀರ ಕಡಿಮೆ. ಎಷ್ಟೋ ಸಲ ಅರ್ಜಿಯನ್ನು ನಾವೇ ಬರೆದು ಕೊಡಬೇಕಾಗುತ್ತದೆ. ಮುಳಬಾಗಿಲಿನವರಿಗೆ ಆ ಅರ್ಜಿಯ ಕನ್ನಡ ನಮೂನೆ ಬೇಕಿದ್ದರೆ ಇಲ್ಲಿಯೇ ಹಾಕುತ್ತೇನೆ.